ದೋಣಿಯ ಸ್ವಿಚ್ಚುಗಳ ಮಾಸಿದ ಹೆಸರುಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸೂಳೆಕೆರೆಯಲ್ಲಿ ಮೀನು ಹಿಡಿಯಲು ನಾವು ನಾಲ್ವರು ಸೇರಿ ಕರಾವಳಿಯಿಂದ ಹಳೆಯ ಫೈಬರ್ ದೋಣಿಯೊಂದನ್ನು ಕೊಂಡು ತಂದಿದ್ದೇವೆ. 25 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್ ಇದೆ. ಚುಕ್ಕಾಣಿಯ ಪಕ್ಕದ ಫಲಕದಲ್ಲಿರುವ ಆರು ಸ್ವಿಚ್ಚುಗಳ ಇಂಗ್ಲಿಷ್ ಹೆಸರುಗಳು ಬಿಸಿಲಿಗೆ ಪೂರ್ತಿ ಮಾಸಿವೆ. ದಾವಣಗೆರೆಯ ರೇಡಿಯಂ ಅಂಗಡಿಯಲ್ಲಿ ಅಕ್ಷರ ಕತ್ತರಿಸಿ ಅಂಟಿಸಿದರೆ ಸಾಕೇ? ಕನ್ನಡದಲ್ಲಿ ಬರೆಸಬಹುದೇ?
– ಓದುಗರೊಬ್ಬರು, ಚನ್ನಗಿರಿ ತಾಲ್ಲೂಕು

ಉತ್ತರ: ಕನ್ನಡದಲ್ಲಿ ಬರೆಸಬಹುದು; ದೋಣಿ ನಡೆಸುವವರು ಓದುವ ಭಾಷೆ ಅದೇ ಆಗಿರುವುದರಿಂದ ಬರೆಸಲೇಬೇಕು ಎಂದು ನಾನು ಹೇಳುತ್ತೇನೆ. ಆದರೆ ಅಂಗಡಿಗೆ ಹೋಗುವುದು ಕೊನೆಯ ಕೆಲಸ. ಹಳೆಯ ದೋಣಿ ಕೈಯಿಂದ ಕೈಗೆ ಹೋಗುವಾಗ ಒಳಗಿನ ತಂತಿಗಳು ಬದಲಾಗಿರುತ್ತವೆ, ಹೊರಗಿನ ಹೆಸರು ಮಾತ್ರ ಹಾಗೆಯೇ ಉಳಿದಿರುತ್ತದೆ. ನಿಮ್ಮ ಸುತ್ತಲಿನ ಅಡಿಕೆ ತೋಟಗಳ ಮೋಟಾರು ಪೆಟ್ಟಿಗೆಗಳನ್ನೇ ನೋಡಿ: ಯಾವ ಗುಂಡಿ ಯಾವುದಕ್ಕೆಂದು ತೋಟದ ಯಜಮಾನನ ಬೆರಳಿಗೆ ಗೊತ್ತಿರುತ್ತದೆ, ಅವನು ಊರಿನಲ್ಲಿಲ್ಲದ ದಿನ ಮನೆಯ ಬೇರೆ ಯಾರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಮಾಸಿದ ಹೆಸರಿನ ಗುರುತು ಹಿಡಿದು ಅದನ್ನೇ ನಕಲು ಮಾಡಬೇಡಿ. ಫಲಕದ ಫೋಟೋ ತೆಗೆದುಕೊಂಡು, ಒಂದೊಂದೇ ಸ್ವಿಚ್ಚು ಹಾಕಿ, ಏನಾಗುತ್ತದೆ ಎಂಬುದನ್ನು ಕಣ್ಣಾರೆ ನೋಡಿ ಬರೆದುಕೊಳ್ಳಿ.

ಇದರಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ತಳದಲ್ಲಿ ಸೇರುವ ನೀರನ್ನು ಹೊರಹಾಕುವ ಬಿಲ್ಜ್ ಪಂಪಿನ ಸ್ವಿಚ್ಚಿಗೆ. ಸಾಮಾನ್ಯವಾಗಿ ಇದಕ್ಕೆ ಮೂರು ನೆಲೆಗಳಿರುತ್ತವೆ: ಒಂದು ಕಡೆ ಒತ್ತಿದರೆ ಪಂಪು ಕೂಡಲೇ ಓಡುತ್ತದೆ, ಇನ್ನೊಂದು ಕಡೆ ಒತ್ತಿದರೆ ನೀರು ಏರಿದಾಗ ತೇಲುಗುಂಡಿ ಎದ್ದು ತಾನಾಗಿ ಓಡುತ್ತದೆ, ನಡುವೆ ಬಂದ್. ಹೆಸರು ಅಳಿಸಿಹೋದ ಸ್ವಿಚ್ಚನ್ನು ಯಾರೋ ನಡುವಿನಲ್ಲಿ ಬಿಟ್ಟು ಮನೆಗೆ ಹೋದರೆ, ರಾತ್ರಿಯ ಮಳೆಗೆ ದಡದಲ್ಲಿ ಕಟ್ಟಿದ ದೋಣಿ ತುಂಬಿ ಕೂರುತ್ತದೆ. ಕೆಲವು ದೋಣಿಗಳಲ್ಲಿ ತೇಲುಗುಂಡಿಯ ತಂತಿ ಫಲಕಕ್ಕೆ ಬಾರದೆ ನೇರವಾಗಿ ಬ್ಯಾಟರಿಗೆ ಹೋಗಿರುತ್ತದೆ. ಆಗ ಸ್ವಿಚ್ಚು ಬಂದ್ ಆಗಿದ್ದರೂ ಪಂಪು ಕೆಲಸ ಮಾಡುತ್ತದೆ. ನಿಮ್ಮದು ಯಾವ ಬಗೆಯದೆಂದು ತಿಳಿಯಲು ಮೂರೂ ನೆಲೆಗಳಲ್ಲಿ ತೇಲುಗುಂಡಿಯನ್ನು ಕೈಯಿಂದ ಎತ್ತಿ ನೋಡಿ, ಬಳಿಕ ಒಂದು ಕೊಡ ನೀರು ಸುರಿದು ಇನ್ನೊಮ್ಮೆ ನೋಡಿ. ಬರೆಸುವಾಗ ‘ಪಂಪು’ ಎಂಬ ಒಂದೇ ಪದ ಸಾಲದು; ‘ಕೈಯಿಂದ’, ‘ಬಂದ್’, ‘ತಾನಾಗಿ’ ಎಂದು ಮೂರು ನೆಲೆಗಳಿಗೂ ಹೆಸರಿರಬೇಕು.

ದೀಪದ ಸ್ವಿಚ್ಚಿಗೂ ಹೀಗೆಯೇ ಮೂರು ನೆಲೆಗಳಿರಬಹುದು. ಒಂದರಲ್ಲಿ ಎಡಗಡೆಯ ಕೆಂಪು, ಬಲಗಡೆಯ ಹಸಿರು ಮತ್ತು ಬಿಳಿಯ ದೀಪಗಳು ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಇನ್ನೊಂದರಲ್ಲಿ ಲಂಗರು ಹಾಕಿ ನಿಂತಾಗಿನ ಬಿಳಿಯ ದೀಪ ಮಾತ್ರ ಹೊತ್ತುತ್ತದೆ. ‘ಓಟದ ದೀಪ’, ‘ಲಂಗರು ದೀಪ’ ಎಂದು ಬರೆಸಿ.

ಎಂಜಿನ್ ನಿಲ್ಲಿಸುವ ಕೆಂಪು ಹಗ್ಗದ ಕೊಕ್ಕೆಯನ್ನು ಕಿತ್ತರೆ ಎಂಜಿನ್ ನಿಜವಾಗಿ ನಿಲ್ಲುತ್ತದೆಯೇ ಎಂಬುದನ್ನು ನೀರಿನಲ್ಲಿದ್ದಾಗಲೇ ಪರೀಕ್ಷಿಸಬೇಕು. ದಡದ ಮೇಲೆ ತಂಪುನೀರಿಲ್ಲದೆ ಓಡಿಸಿದರೆ ನೀರು ಎಳೆಯುವ ರಬ್ಬರಿನ ಇಂಪೆಲ್ಲರ್ ಸ್ವಲ್ಪ ಹೊತ್ತಿನಲ್ಲೇ ಕೆಡುತ್ತದೆ. ಎಂಜಿನ್ ನಿಲ್ಲಿಸುವ ಈ ಕೊಕ್ಕೆಯ ಹೆಸರನ್ನು ಕೆಂಪು ಅಕ್ಷರದಲ್ಲಿ ಬರೆಸಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಬಿಸಿಲಿನ ಅತಿನೇರಳೆ ಕಿರಣಗಳಿಗೆ ಸಾಮಾನ್ಯ ಕೆಂಪು ಶಾಯಿ ಬೇಗ ಬಿಳಿಚುತ್ತದೆ, ಇಂಗಾಲದಿಂದ ಮಾಡಿದ ಕಪ್ಪು ಹೆಚ್ಚು ಕಾಲ ನಿಲ್ಲುತ್ತದೆ. ಅಪಾಯದ ಸೂಚನೆಗಳಿಗೆ ಬಿಳಿ ಅಥವಾ ಹಳದಿಯ ಮೇಲೆ ಕಪ್ಪು ಅಕ್ಷರವೇ ಇರಲಿ.

ಇನ್ನು ರೇಡಿಯಂ ಅಂಗಡಿಯ ಮಾತು. ಆಟೋ, ಟ್ರ್ಯಾಕ್ಟರುಗಳಿಗೆ ಅಂಟಿಸುವಂತೆ ಬಿಡಿ ಅಕ್ಷರಗಳನ್ನು ಕತ್ತರಿಸಿ ಅಂಟಿಸುವುದು ಇಷ್ಟು ಚಿಕ್ಕ ಬರಹಕ್ಕೆ ಹೊಂದುವುದಿಲ್ಲ. ಕನ್ನಡದ ಒತ್ತಕ್ಷರ ಅಲ್ಲಿ ಪ್ರತ್ಯೇಕ ಚೂರಾಗಿ ಉಳಿಯುತ್ತದೆ. ಬೆರಳು ತಾಗಿ ಆ ಚೂರು ಉದುರಿದರೆ ‘ಎತ್ತು’ ಎಂಬುದು ‘ಎತು’ ಆಗುತ್ತದೆ. ಆದಷ್ಟೂ ಒತ್ತಿಲ್ಲದ ಪದಗಳನ್ನು ಆರಿಸಿ, ಅಕ್ಷರಗಳನ್ನು ಒಂದೇ ಹಾಳೆಯ ಮೇಲೆ ಮುದ್ರಿಸಿಕೊಳ್ಳಿ ಅಥವಾ ಕೆತ್ತಿಸಿ. ಗೇರಿನ ಸನ್ನೆಯ ಪಕ್ಕದಲ್ಲಿ ಮಾತ್ರ ‘ನ್ಯೂಟ್ರಲ್’ ಎಂದೇ ಇರಲಿ. ಎರಡು ಒತ್ತುಗಳಿದ್ದರೂ ಬಾಯಲ್ಲಿ ಬರುವ ಮಾತು ಅದೇ. ತೋಳಿನ ದೂರದಿಂದ ಓದಲು ಅಕ್ಷರ 8 ಮಿಲಿಮೀಟರಿಗಿಂತ ಚಿಕ್ಕದಾಗದಿದ್ದರೆ ಒಳ್ಳೆಯದು. ಹೆಸರಿನ ಪಕ್ಕದಲ್ಲಿ ಚಿಹ್ನೆಯನ್ನೂ ಹಾಕಿಸಿ. ಸಣ್ಣ ದೋಣಿಗಳ ಚಿಹ್ನೆಗಳಿಗೆಂದೇ ಐಎಸ್‌ಒ 11192 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಕರಾವಳಿಯಿಂದ ಬರುವ ಮೆಕ್ಯಾನಿಕ್‌ಗೂ ಓದು ಬಾರದ ಸಹಾಯಕನಿಗೂ ಅದರಿಂದ ಅನುಕೂಲ.

ನನ್ನ ಆಯ್ಕೆ ಕೆತ್ತನೆ. ಮೇಲೆ ಕಪ್ಪು, ಒಳಗೆ ಬಿಳಿ ಇರುವ ಎರಡು ಪದರದ ಅಕ್ರಿಲಿಕ್ ಹಲಗೆಯಲ್ಲಿ ಲೇಸರ್‌ನಿಂದ ಕೆತ್ತಿದ ಅಕ್ಷರಕ್ಕೆ ಶಾಯಿಯೇ ಇಲ್ಲ, ಆದ್ದರಿಂದ ಬೆರಳಿನ ಉಜ್ಜಿಗೆ ಅಳಿಸುವುದಿಲ್ಲ. ನಾಮಫಲಕ, ಪಾರಿತೋಷಕ ಮಾಡುವ ಅಂಗಡಿಗಳಲ್ಲಿ ವಿಚಾರಿಸಿ. ಪಿವಿಸಿ ಹಾಳೆಯನ್ನು ಮಾತ್ರ ಲೇಸರಿಗೆ ಕೊಡಬೇಡಿ; ಅದು ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಎಂಬ ವಿಷಾನಿಲ ಹೊರಡುತ್ತದೆ. ಸ್ಟಿಕ್ಕರೇ ಬೇಕಾದರೆ ಕ್ಯಾಸ್ಟ್ ವಿನೈಲ್ (ಎಳೆಯದೆ, ಎರಕ ಹೊಯ್ದು ಮಾಡಿದ ಪ್ಲಾಸ್ಟಿಕ್ ಹಾಳೆ) ಕೇಳಿ, ಮೇಲೆ ಅತಿನೇರಳೆ ಕಿರಣ ತಡೆಯುವ ಪಾರದರ್ಶಕ ಲ್ಯಾಮಿನೇಶನ್ ಹಾಕಿಸಿ. ಅಗ್ಗದ ಕ್ಯಾಲೆಂಡರ್ಡ್ ವಿನೈಲನ್ನು ಉರುಳೆಗಳ ನಡುವೆ ಎಳೆದು ಮಾಡಿರುವುದರಿಂದ ಅದು ಕಾವಿಗೆ ಕುಗ್ಗುತ್ತದೆ, ಅಂಚಿನಲ್ಲಿ ಗೋಂದು ಕಾಣಿಸಿಕೊಂಡು ಧೂಳು ಹಿಡಿಯುತ್ತದೆ. ಪೆಟ್ರೋಲ್ ನಲ್ಲಿಯ ಹತ್ತಿರದ ಚೀಟಿಗೆ ಲ್ಯಾಮಿನೇಶನ್ ಇಲ್ಲದಿದ್ದರೆ ಪೆಟ್ರೋಲ್ ಶಾಯಿಯನ್ನೇ ಕರಗಿಸುತ್ತದೆ.

ಹಳೆಯ ಚೀಟಿ ತೆಗೆಯುವ ಮುನ್ನ ಪೆಟ್ರೋಲ್ ಟ್ಯಾಂಕನ್ನು ದೂರಕ್ಕೆ ಸಾಗಿಸಿ, ಬ್ಯಾಟರಿಯ ತಂತಿ ಕಳಚಿ. ಕೂದಲು ಒಣಗಿಸುವ ಯಂತ್ರದಿಂದ ಸ್ವಲ್ಪ ಕಾಯಿಸಿ, ಪ್ಲಾಸ್ಟಿಕ್ ಕಾರ್ಡಿನಿಂದ ಮೆಲ್ಲಗೆ ಎಬ್ಬಿಸಿ. ಉಗುರುಬಣ್ಣ ತೆಗೆಯುವ ದ್ರವ ಬೇಡ. ಫಲಕ ಎಬಿಎಸ್ ಎಂಬ ಪ್ಲಾಸ್ಟಿಕ್ಕಿನದಾಗಿದ್ದರೆ, ಆ ದ್ರವದಲ್ಲಿ ಸಾಮಾನ್ಯವಾಗಿ ಇರುವ ಅಸಿಟೋನ್ ಅದನ್ನು ಕರಗಿಸುತ್ತದೆ. ಉಳಿದ ಗೋಂದನ್ನು ನೀಲಗಿರಿ ಎಣ್ಣೆಯಿಂದ ಒರೆಸಿ, ಕೊನೆಗೆ ಐಸೊಪ್ರೊಪೈಲ್ ಸ್ಪಿರಿಟ್ಟಿನಿಂದ ಜಿಡ್ಡು ತೆಗೆಯಿರಿ. ಹೊಸದರ ಮೂಲೆಗಳನ್ನು ದುಂಡಗೆ ಕತ್ತರಿಸಿ, ಒಣ ಹವೆಯ ಮಧ್ಯಾಹ್ನ ಅಂಟಿಸಿ, ಒಂದು ದಿನ ನೀರು ತಾಗದಂತೆ ಬಿಡಿ.

ಪ್ರಶ್ನೆ: ಪರ್ಮನೆಂಟ್ ಮಾರ್ಕರ್ ಪೆನ್ನಿನಿಂದ ಬರೆದರೆ ಆಗದೇ?
– ಓದುಗರೊಬ್ಬರು, ಹರಿಹರ

ಉತ್ತರ: ಪರೀಕ್ಷೆ ನಡೆಯುವ ದಿನಗಳ ತಾತ್ಕಾಲಿಕ ಗುರುತಿಗೆ ಆಗುತ್ತದೆ. ಹೆಸರಿನಲ್ಲಿ ‘ಪರ್ಮನೆಂಟ್’ ಇದ್ದರೂ ಅದರ ಬಣ್ಣ ಬಯಲಿನ ಬಿಸಿಲಿನಲ್ಲಿ ಬಹುಕಾಲ ನಿಲ್ಲುವುದಿಲ್ಲ. ಎಣ್ಣೆಬಣ್ಣ ತುಂಬಿದ ಪೇಂಟ್ ಮಾರ್ಕರ್ ಇದಕ್ಕಿಂತ ಮೇಲು.

ಪ್ರಶ್ನೆ: ಮಾರಿಕಣಿವೆ ಹಿನ್ನೀರಿನಲ್ಲಿ ಬಳಸುವ ನಮ್ಮ ದೋಣಿಯಲ್ಲಿ ಎಷ್ಟು ಜನ, ಎಷ್ಟು ತೂಕ ಎಂದು ತೋರಿಸುವ ತಗಡು ಅಳಿಸಿಹೋಗಿದೆ. ಅದನ್ನೂ ಇಲ್ಲಿಯೇ ಕೆತ್ತಿಸಬಹುದೇ?
– ಓದುಗರೊಬ್ಬರು, ಹಿರಿಯೂರು

ಉತ್ತರ: ನೆನಪಿನಿಂದ ಕೆತ್ತಿಸಬೇಡಿ. ಸ್ವಿಚ್ಚಿನ ಹೆಸರನ್ನು ನೀವು ಪರೀಕ್ಷಿಸಿ ಬರೆಯಬಹುದು, ಈ ಅಂಕಿಯನ್ನು ಹಾಗೆ ಬರೆಯಲಾಗದು. ಅದು ದೋಣಿಯ ಆಕಾರ ಮತ್ತು ತೇಲುವ ಶಕ್ತಿಯನ್ನು ಲೆಕ್ಕ ಹಾಕಿ ತಯಾರಕರು ಕೊಟ್ಟ ಮಿತಿ. ಆರು ಜನರ ದೋಣಿಗೆ ‘ಎಂಟು’ ಎಂದು ಕೆತ್ತಿದ ತಗಡನ್ನು ನಂಬಿ ಹತ್ತುವವರಿಗೆ ಅದು ತಪ್ಪೆಂದು ತಿಳಿಯುವ ದಾರಿಯೇ ಇರುವುದಿಲ್ಲ. ದೋಣಿಯ ಹಿಂಬದಿಯ ಹಲಗೆಯ ಬಲ ಮೂಲೆಯಲ್ಲಿ ಗುರುತಿನ ಸಂಖ್ಯೆ ಅಚ್ಚಾಗಿದ್ದರೆ ಅದನ್ನು ತಯಾರಕರಿಗೆ ಕಳಿಸಿ ಹೊಸ ತಗಡು ತರಿಸಿಕೊಳ್ಳಿ. ಯಂತ್ರಚಾಲಿತ ಒಳನಾಡು ನೌಕೆಗಳ ತಪಾಸಣೆ ಮತ್ತು ನೋಂದಣಿಗೆ 2021ರ ಒಳನಾಡು ನೌಕೆಗಳ ಕಾಯ್ದೆ ಇದೆ. ಅದರಂತೆ ಪಡೆದ ಪ್ರಮಾಣಪತ್ರ ನಿಮ್ಮ ಬಳಿ ಇದ್ದರೆ ಅದರಲ್ಲಿರುವ ಮಿತಿಯನ್ನೇ ಪಾಲಿಸಿ. ಎರಡೂ ಇಲ್ಲದಿದ್ದರೆ ತಪಾಸಣೆ ಮುಗಿಯುವವರೆಗೆ ದೋಣಿಗೆ ಜನರನ್ನು ಹತ್ತಿಸಬೇಡಿ.