ಫಿಲ್ ಲೈಟ್ ಆರಿಸಿದಾಗ

ಪ್ರಶ್ನೆ: 1944ರ ‘ಡಬಲ್ ಇಂಡೆಮ್ನಿಟಿ’ ಎಂಬ ಅಮೆರಿಕನ್ ಸಿನಿಮಾ ಮೊಬೈಲಿನಲ್ಲಿ ನೋಡಿದೆ. ಅದನ್ನು ‘ಫಿಲ್ಮ್ ನ್ವಾರ್’ ಅನ್ನುತ್ತಾರಂತೆ. ಎಷ್ಟೋ ಕಡೆ ಅರ್ಧ ಮುಖ ಕಾಣುವುದೇ ಇಲ್ಲ. ಪ್ರಿಂಟು ಹಳೆಯದಾದ ದೋಷವೇ? ಕಪ್ಪು-ಬಿಳುಪಿನವೆಲ್ಲ ನ್ವಾರ್ ಸಿನಿಮಾಗಳೇ?
– ಓದುಗರೊಬ್ಬರು, ಬೆಟಗೇರಿ

ಉತ್ತರ: ಪ್ರಿಂಟಿನ ದೋಷವಲ್ಲ. ಆ ಕತ್ತಲನ್ನು ಬೇಕೆಂದೇ ಇಟ್ಟಿದ್ದಾರೆ.

ನಾನಿದನ್ನು ಮೊದಲು ಕಂಡದ್ದು ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರವಿದ್ದ ನಮ್ಮಪ್ಪನ ಫೋಟೋ ಸ್ಟುಡಿಯೋದಲ್ಲಿ. ಅಲ್ಲಿ ಮೂರು ದೀಪ. ಮುಖಕ್ಕೆ ಬೀಳುವುದು ಕೀ ಲೈಟ್, ಇನ್ನೊಂದು ಬದಿಯ ನೆರಳನ್ನು ತಿಳಿಮಾಡುವುದು ಫಿಲ್ ಲೈಟ್, ಮೂರನೆಯದು ತಲೆಯ ಹಿಂದೆ. ಗಂಡಿನ ಮನೆಗೆ ಕಳಿಸುವ ಹುಡುಗಿಯ ಫೋಟೋಕ್ಕೆ ಮೂರೂ ಬೇಕೇ ಬೇಕು. ಒಂದು ಸಂಜೆ ಫಿಲ್ ಲೈಟಿನ ಬಲ್ಬು ಹೋಯಿತು. ಸ್ಟೂಲಿನ ಮೇಲೆ ಪೇಟೆಯ ಹಮಾಲರೊಬ್ಬರು ಕೂತಿದ್ದರು. ಒಂದು ಕಣ್ಣು, ಮೂಗಿನ ಏಣು, ಅರ್ಧ ಗಲ್ಲ, ಉಳಿದದ್ದೆಲ್ಲ ಕಪ್ಪು. ದಿನಾ ನಕ್ಕು ಮಾತಾಡಿಸುವ ಮನುಷ್ಯ ಏನನ್ನೋ ಮುಚ್ಚಿಟ್ಟವರ ಹಾಗೆ ಕಂಡರು. “ಮನಶ್ಯಾ ಅವನ ಅದಾನ, ಬೆಳಕ ಬ್ಯಾರೆ ಆತು ನೋಡು” ಅಂದರು ಅಪ್ಪ. ನ್ವಾರ್ ಛಾಯಾಗ್ರಾಹಕರು ಮಾಡಿದ್ದೂ ಅದನ್ನೇ: ಫಿಲ್ ಲೈಟ್ ತಗ್ಗಿಸಿದರು, ಇಲ್ಲವೇ ತೆಗೆದೇಬಿಟ್ಟರು.

ಇದರ ಬೇರು ಜರ್ಮನಿಯಲ್ಲಿದೆ. 1920ರ ‘ದ ಕ್ಯಾಬಿನೆಟ್ ಆಫ್ ಡಾಕ್ಟರ್ ಕ್ಯಾಲಿಗರಿ’ ಎಂಬ ಜರ್ಮನ್ ಸಿನಿಮಾದಲ್ಲಿ ನೆರಳನ್ನು ಸೆಟ್ಟಿನ ಮೇಲೆ ಬಣ್ಣದಿಂದಲೇ ಬರೆದಿದ್ದರು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಫ್ರಿಟ್ಜ್ ಲಾಂಗ್, ಬಿಲ್ಲಿ ವೈಲ್ಡರ್, ರಾಬರ್ಟ್ ಸಿಯೋಡ್‌ಮಾಕ್ ಎಂಬ ಸಿನಿಮಾ ಮಂದಿ ದೇಶ ಬಿಟ್ಟು ಹಾಲಿವುಡ್ ಸೇರಿದರು. ಅಲ್ಲಿ ಡ್ಯಾಶಿಯಲ್ ಹ್ಯಾಮೆಟ್, ಜೇಮ್ಸ್ ಕೇನ್ ಎಂಬ ಲೇಖಕರ ಖಡಕ್ ಅಪರಾಧ ಕಥೆಗಳಿದ್ದವು. ಅಮೆರಿಕದ ಕಥೆಗೆ ಜರ್ಮನಿಯ ನೆರಳು ಬಿತ್ತು.

ನೀವು ನೋಡಿದ್ದು ವೈಲ್ಡರ್ ನಿರ್ದೇಶಿಸಿದ್ದು, ಕೇನ್ ಅವರ ಕಥೆ. ಅದರಲ್ಲಿ ಕಿಟಕಿ ಪಟ್ಟಿಗಳ ನೆರಳು ಇನ್ಶೂರೆನ್ಸ್ ಏಜೆಂಟನ ಮೈಮೇಲೆ ಬೀಳುವುದನ್ನು ಇನ್ನೊಮ್ಮೆ ನೋಡಿ. ಕೊಲೆ ಇನ್ನೂ ಆಗಿಲ್ಲ, ಜೈಲಿನ ಸರಳು ಆಗಲೇ ಬಂದಿದೆ! ಬಿಸಿಲುಕೋಲಿನಲ್ಲಿ ಧೂಳು ಕಾಣಲೆಂದು ಛಾಯಾಗ್ರಾಹಕ ಜಾನ್ ಸೈಟ್ಜ್ ಗಾಳಿಗೆ ಅಲ್ಯೂಮಿನಿಯಂ ಪುಡಿ ತೂರಿಸಿದ್ದರು. ನನಗಂತೂ ಎಷ್ಟು ಸಲ ನೋಡಿದರೂ ಆ ಕೋಣೆ ಸಾಕೆನಿಸಿಲ್ಲ.

ಹೆಸರು ಕೊಟ್ಟವರು ಫ್ರೆಂಚರು. ಜರ್ಮನರ ಆಕ್ರಮಣದ ಕಾಲದಲ್ಲಿ ಅಲ್ಲಿಗೆ ಅಮೆರಿಕನ್ ಸಿನಿಮಾ ಬರುತ್ತಿರಲಿಲ್ಲ. ಯುದ್ಧ ಮುಗಿದು 1946ರಲ್ಲಿ ಇಂಥವು ಸಾಲಾಗಿ ಬಂದಾಗ ವಿಮರ್ಶಕ ನಿನೋ ಫ್ರಾಂಕ್ ‘ಫಿಲ್ಮ್ ನ್ವಾರ್’ ಅಂದರು. ನ್ವಾರ್ ಅಂದರೆ ಕಪ್ಪು. ಬಣ್ಣವಷ್ಟೇ ಅಲ್ಲ, ಕಥೆಯ ಒಳಗೂ ಕಪ್ಪು: ದುರಾಸೆ, ಮೋಸ, ಹಿಂದಿರುಗಲಾಗದ ಒಂದು ಹೆಜ್ಜೆ. ಹಾಗಾಗಿ ಕಪ್ಪು-ಬಿಳುಪಿನವೆಲ್ಲ ನ್ವಾರ್ ಅಲ್ಲ.

ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು ಛಾಯಾಗ್ರಹಣ ಮಾಡಿದ 1956ರ ‘ಸಿ.ಐ.ಡಿ.’ ಹಿಂದಿ ಚಿತ್ರವನ್ನೂ ನೋಡಿ. ಕೋಣೆಯ ದೀಪ ಆರಿಸಿ ಕೂತುಕೊಳ್ಳಿ. ಮೊಬೈಲಿನ ಬ್ರೈಟ್‌ನೆಸ್ ಮಾತ್ರ ಪೂರ್ತಿ ಏರಿಸಬೇಡಿ, ಕಪ್ಪೆಲ್ಲ ಬೂದಿ ಬಣ್ಣಕ್ಕೆ ತಿರುಗುತ್ತದೆ.