ಮುಖ ಇಲ್ಲದಿದ್ದರೂ ಬಾ, ತಮ್ಮಾ

ತಮ್ಮಾ,

ದುಬೈಗೆ ಬಂದು ನಾಲ್ಕು ತಿಂಗಳಾಯಿತು, ಒಂದು ರೂಮಿನಲ್ಲಿ ಆರು ಜನ ಇದ್ದೇವೆ, ಸಂಬಳದಲ್ಲಿ ಹೇಗೆ ಉಳಿಸುವುದು ಎಂದು ಕೇಳಿದ್ದೀಯ. ಕೊನೆಯಲ್ಲಿ ಒಂದು ಸಾಲು: 'ಅಣ್ಣಾ, ಚರ್ಚಿಗೆ ಹೋಗಲು ಮುಖ ಇಲ್ಲ. ಇಲ್ಲಿಗೆ ಬಂದ ಮೇಲೆ ತುಂಬ ಕೆಟ್ಟಿದ್ದೇನೆ.'

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಸಂಬಳ ಬಂದ ದಿನವೇ ಮನೆಗೆ ಕಳಿಸು. ಕ್ರೆಡಿಟ್ ಕಾರ್ಡ್ ಕೊಡುತ್ತೇವೆ ಎಂದು ಯಾರಾದರೂ ಫೋನ್ ಮಾಡಿದರೆ ಬೇಡ ಎನ್ನು. ನನಗೆ ನಿದ್ದೆ ಬರದ ಹಾಗೆ ಮಾಡಿದ್ದು ನಿನ್ನ ಆ ಕೊನೆಯ ಸಾಲು.

ನಾನೂ ನಿನ್ನ ಹಾಗೆ ಕೊಡಗಿನ ವಿರಾಜಪೇಟೆಯವನೇ. ಸಂತ ಅನ್ನಮ್ಮನವರ ಚರ್ಚಿನ ಗಂಟೆ ಕೇಳುತ್ತಾ ಬೆಳೆದವನು. ಇಲ್ಲಿಗೆ ಬಂದ ಎರಡನೇ ವರ್ಷ ಕುಡಿತ ಹತ್ತಿತು. ಅಮ್ಮನ ಆಸ್ಪತ್ರೆ ಖರ್ಚು ಎಂದು ಸುಳ್ಳು ಹೇಳಿ ಸ್ನೇಹಿತನೊಬ್ಬನಿಂದ ಸಾಲ ತೆಗೆದುಕೊಂಡೆ. ಆಮೇಲೆ ಅವನಿಗೆ ಹೆದರಿ ಫೋನ್ ಎತ್ತಲಿಲ್ಲ, ಅಮ್ಮನಿಗೆ ನಾಚಿ ಫೋನ್ ಮಾಡಲಿಲ್ಲ. ದೇವರ ಹತ್ತಿರವೂ ಹಾಗೆಯೇ. ಮೊದಲು ಕುಡಿತ ಬಿಡೋಣ, ಸಾಲ ತೀರಿಸೋಣ, ಆಮೇಲೆ ಚರ್ಚಿಗೆ ಹೋಗೋಣ ಎಂದುಕೊಂಡೇ ಐದು ವರ್ಷ ಕಳೆದೆ. ಮೈಕೊಳೆ ಹೋದ ಮೇಲೆ ಹೊಳೆಗೆ ಇಳಿಯುತ್ತೇನೆ ಎಂದ ಹಾಗಾಯಿತು ಅದು.

ನಮ್ಮ ಕನ್ನಡದ ಹಳೇ ಬೈಬಲ್ ಅನುವಾದದಲ್ಲಿ ಪಶ್ಚಾತ್ತಾಪ ಪಡಿ ಎನ್ನಬೇಕಾದ ಕಡೆ 'ದೇವರ ಕಡೆಗೆ ತಿರುಗಿಕೊಳ್ಳಿರಿ' ಎಂದಿದೆ. ನನಗೆ ಆ ಮಾತು ತುಂಬ ಇಷ್ಟ. ಎಷ್ಟೇ ದೂರ ಹೋದವನೂ ನಿಂತ ಜಾಗದಲ್ಲೇ ತಿರುಗಬಹುದು, ಅಲ್ವಾ?

ಇಲ್ಲೇ ದುಬೈನ ಔದ್ ಮೇಥಾದಲ್ಲಿರುವ ಸಂತ ಮರಿಯಮ್ಮನವರ ಚರ್ಚ್ ನೋಡಿದ್ದೀಯಾ? ಅಲ್ಲಿ ಮೊದಲ ಚರ್ಚ್ ಎದ್ದದ್ದು 1967ರಲ್ಲಿ. ಜಾಗ ಕೊಟ್ಟವರು ಆಗಿನ ದೊರೆ ಶೇಖ್ ರಶೀದ್. ಒಂದು ಸಂಜೆ ಅದರ ಗೇಟಿನ ಹೊರಗೆ ನಿಂತಿದ್ದಾಗ ಊರು ನೆನಪಾಯಿತು. ಟಿಪ್ಪುವಿನ ಕಾಲದಲ್ಲಿ ತಪ್ಪಿಸಿಕೊಂಡು ಬಂದ ಕ್ರೈಸ್ತರಿಗೆ 1792ರಲ್ಲಿ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ವಿರಾಜಪೇಟೆಯಲ್ಲಿ ನೆಲೆ ಕೊಟ್ಟ. ನಮ್ಮ ಧರ್ಮದವರಲ್ಲದ ದೊರೆಗಳೇ ನಮ್ಮನ್ನು ಒಳಗೆ ಕರೆದಿದ್ದಾರೆ. ಹೆತ್ತ ತಂದೆ ಹೊರಗೆ ನಿಲ್ಲಿಸುತ್ತಾನಾ? ಹಾಗೆ ಅನ್ನಿಸಿ ಒಳಗೆ ಹೋದೆ.

ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲ ನಡೆಯುತ್ತಿತ್ತು. ಫಾದರ್ ಹತ್ತಿರ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆಗೆ ಸಾಲು ಇತ್ತು. ನನ್ನ ಸರದಿ ಬಂದಾಗ 'ಐದು ವರ್ಷ ಆಯಿತು ಫಾದರ್' ಎಂದೆ. ಮುಂದೆ ಮಾತು ಬರಲಿಲ್ಲ, ಅತ್ತುಬಿಟ್ಟೆ. ಅವರು ಕಾದರು. ಊರಿಗೆ ಸುದ್ದಿ ಹೋಗಬಹುದು ಎಂಬ ಭಯ ನಿನಗಿದ್ದರೆ ಬಿಟ್ಟುಬಿಡು. ಅಲ್ಲಿ ಕೇಳಿದ್ದನ್ನು ಫಾದರ್ ಯಾರಿಗೂ, ಯಾವ ಕಾರಣಕ್ಕೂ ಹೇಳುವಂತಿಲ್ಲ. ಕ್ಷಮೆ ಸಿಕ್ಕಿತು. ಆದರೆ ಸಾಲ ಹಾಗೇ ಉಳಿಯುತ್ತದೆ ಎಂದೂ ಅವರು ಹೇಳಿದರು. ಬೈಬಲ್ಲಿನ ಸುಂಕದವನು ಜಕ್ಕಾಯ ಮೋಸದಿಂದ ತೆಗೆದುಕೊಂಡದ್ದನ್ನು ನಾಲ್ಕರಷ್ಟು ಕೊಡುತ್ತೇನೆ ಎಂದಿದ್ದನಲ್ಲ. ನಾನು ಸ್ನೇಹಿತನಿಗೆ ನಿಜ ಹೇಳಿ, ತಿಂಗಳಿಗೆ 300 ದಿರ್ಹಮ್‌ನಂತೆ ತೀರಿಸಿದೆ. ಕುಡಿತ ಒಂದೇ ದಿನಕ್ಕೆ ಹೋಗಲಿಲ್ಲ. ಎರಡು ಸಲ ಮತ್ತೆ ಬಿದ್ದೆ, ಎರಡು ಸಲವೂ ಅದೇ ಸಾಲಿನಲ್ಲಿ ಹೋಗಿ ನಿಂತೆ. ಬಿದ್ದರೆ ನೀನೂ ಹಾಗೇ ಮಾಡು.

ಪ್ರಾಯಶ್ಚಿತ್ತ ಎಂದು ಫಾದರ್ ಕೊಟ್ಟಿದ್ದು ಎರಡು ಕೆಲಸ: ಕ್ಷಮೆ ಬೇಡುವ 51ನೇ ಕೀರ್ತನೆ ಓದುವುದು, ಅಮ್ಮನಿಗೆ ಫೋನ್ ಮಾಡುವುದು. ಎರಡನೆಯದೇ ಕಷ್ಟ. ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಅಪ್ಪನ ಆಸ್ತಿ ಹಾಳುಮಾಡಿದ ಕಿರಿಮಗ ನೆನಪಿದ್ದಾನಾ? ಹಂದಿ ಮೇಯಿಸುತ್ತಾ ಅಪ್ಪನಿಗೆ ಏನು ಹೇಳಬೇಕು ಎಂದು ಮೊದಲೇ ಯೋಚಿಸಿಕೊಂಡಿದ್ದ. 'ನನ್ನನ್ನು ಆಳುಗಳಲ್ಲಿ ಒಬ್ಬನ ಹಾಗೆ ಇಟ್ಟುಕೋ' ಎಂಬುದು ಅದರ ಕೊನೆಯ ಮಾತು. ಅದನ್ನು ಹೇಳುವಷ್ಟರಲ್ಲೇ ಅಪ್ಪ ಒಳ್ಳೇ ಬಟ್ಟೆ, ಉಂಗುರ, ಚಪ್ಪಲಿ ತರಲು ಹೇಳಿಬಿಟ್ಟ. ನಾನೂ ಏನೇನೋ ಯೋಚಿಸಿಕೊಂಡು ಫೋನ್ ಮಾಡಿದೆ. 'ಅಮ್ಮಾ, ನನ್ನಿಂದ ತಪ್ಪಾಯಿತು' ಎನ್ನುವುದರೊಳಗೆ ಅಮ್ಮ ಹೇಳಿದರು: 'ಮಗಾ, ಹೂಮಳೆ ಬಿತ್ತು. ಕಾಫಿ ತೋಟ ಎಲ್ಲಾ ಹೂವಾಗಿ ಬೆಳ್ಳಗಾಗಿದೆ. ಪರಿಮಳ ಅಡುಗೆಮನೆವರೆಗೂ ಬರ್ತಿದೆ.' ನಿನ್ನೆಯಷ್ಟೇ ಮಾತಾಡಿದ್ದೆವೇನೋ ಎಂಬ ಹಾಗೆ.

ನಿನಗೆ ರಜೆ ಯಾವತ್ತು ಎಂದು ತಿಳಿಸು. ಮೆಟ್ರೋ ಗ್ರೀನ್ ಲೈನ್ ಹತ್ತಿ ಔದ್ ಮೇಥಾದಲ್ಲಿ ಇಳಿ. ಅಲ್ಲಿ ಕೊಂಕಣಿ ಪೂಜೆಯೂ ಉಂಟು. ಸ್ಟೇಷನ್ ಹೊರಗೆ ನಾನು ನಿಂತಿರುತ್ತೇನೆ. ಒಳಗೆ ಬರಲು ಕಾಲು ಏಳದಿದ್ದರೆ ಗೇಟಿನ ಹತ್ತಿರವೇ ಇಬ್ಬರೂ ಸ್ವಲ್ಪ ಹೊತ್ತು ಕೂತಿರೋಣ.