ತೊಳೆಯದೆ ಉಳಿದ ಹಾಲಿನ ಪ್ಯಾಕೆಟ್

ಕೋವಿಡ್ ಮುಗಿದು ವರ್ಷಗಳಾದರೂ, ಆಗ ಹಿಡಿದ ತೊಳೆಯುವ ಗೀಳು ಬಿಡಲಾಗದವರು ನನ್ನ ಬಳಿಗೆ ಆಪ್ತಸಲಹೆಗೆ ಬರುತ್ತಲೇ ಇದ್ದಾರೆ. ಅದಕ್ಕೇ ಗುರುತು ಸಿಗದಂತೆ ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಐವತ್ತು ದಾಟಿದ ಗೃಹಿಣಿ. 2021ರ ಎರಡನೇ ಅಲೆಯಲ್ಲಿ ಗಂಡ ತೀರಿಕೊಂಡಿದ್ದರು. ಹಾಲಿನ ಪ್ಯಾಕೆಟ್, ತರಕಾರಿ, ಚಿಲ್ಲರೆ ಕಾಸು ಎಲ್ಲವನ್ನೂ ಈಗಲೂ ಸೋಪು ಹಾಕಿ ತೊಳೆಯುತ್ತಾರೆ, ಬೆಳಗಿನ ಕಾಫಿಗೆ ಒಂಬತ್ತು ಗಂಟೆಯಾಗುತ್ತದೆ ಎಂದು ಮಗಳು ಕರೆತಂದಿದ್ದಳು. ಅವರ ಬೆರಳ ಸಂದುಗಳು ಬಿಳಿಚಿಕೊಂಡು ಬಿರಿದಿದ್ದವು.

ಮೂರನೆಯ ಭೇಟಿಯಲ್ಲಿ ವೈರಾಣುವಿನ ವಿಷಯ ಎತ್ತಿದೆ. 2020ರಲ್ಲಿ ತಿಳಿದಿದ್ದು ಕಡಿಮೆ, ಹಾಗಾಗಿ ಎಲ್ಲವನ್ನೂ ತೊಳೆದೆವು. 2021ರ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ವೈರಾಣು ಇರುವ ವಸ್ತುವನ್ನು ಒಮ್ಮೆ ಮುಟ್ಟಿದರೆ ಸೋಂಕು ತಗಲುವ ಸಾಧ್ಯತೆ ಸಾಮಾನ್ಯವಾಗಿ ಹತ್ತು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ ಎಂದಿತು. ಇದು ಮುಖ್ಯವಾಗಿ ಉಸಿರಿನಿಂದ ಹರಡುವ ಕಾಯಿಲೆ ಎಂದೆ.

ಸೆರಗಿನ ಅಂಚನ್ನು ತಿರುವುತ್ತಿದ್ದ ಕೈ ನಿಂತಿತು. "ಹಾಗಾದರೆ ಆ ಪ್ಯಾಕೆಟ್ಟಿನಿಂದ ಅಲ್ಲವೇ, ಮೇಡಂ?"

ಅಂದು ನಲ್ಲಿಯಲ್ಲಿ ನೀರಿರಲಿಲ್ಲ. ತೊಳೆಯದ ಪ್ಯಾಕೆಟ್ ಕತ್ತರಿಸಿ ಹಾಲು ಕಾಯಿಸಿದವರು ಗಂಡ. ವಾರದೊಳಗೆ ಜ್ವರ. ಕೊನೆಗೆ ಮುಖ ನೋಡಲೂ ಆಗಲಿಲ್ಲ. ಇದನ್ನು ಮಗಳಿಗೂ ಹೇಳಿರಲಿಲ್ಲ.

ಖಂಡಿತ ಅಲ್ಲ ಎಂದುಬಿಡುವುದು ಸುಲಭವಿತ್ತು. ನನಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಎಲ್ಲಿಂದ ಬಂತೆಂದು ನಿಮಗೂ ನನಗೂ ತಿಳಿಯುವುದಿಲ್ಲ. ಯಜಮಾನರು ಆಗ ಹೊರಗೆ ಹೋಗುತ್ತಿದ್ದರೇ?"

"ಬ್ಯಾಂಕಿಗೆ, ಔಷಧಿ ಅಂಗಡಿಗೆ..." ಎಂದು ತಡೆದರು. ಆ ಸಾಲುಗಳಲ್ಲಿ ಉಸಿರಾಡಿದ ಗಾಳಿಯ ಮುಂದೆ ಪ್ಯಾಕೆಟ್ಟಿನ ಅಪಾಯ ತೀರಾ ಸಣ್ಣದು ಎಂದೆ. ಬಹಳ ಹೊತ್ತು ಅತ್ತರು. "ಇದನ್ನು ನನಗೆ ಯಾರೂ ಹೇಳಲಿಲ್ಲವಲ್ಲ!"

ಗೀಳಿದ್ದವರಿಗೆ ಸಮಾಧಾನ ಹೇಳಿದರೆ ಗೀಳು ಬೆಳೆಯುತ್ತದೆ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ದಿನಕ್ಕೆ ಹತ್ತು ಸಲ ಹೇಳುವ ಸಮಾಧಾನದ ಮಟ್ಟಿಗೆ ಅದು ನಿಜ. ನಾನು ಹೇಳಿದ್ದು ಒಮ್ಮೆ, ಅದೂ ಅವರಿಗೆ ಸಲ್ಲಬೇಕಿದ್ದ ಮಾಹಿತಿ. ತೊಳೆಯಿರಿ ಎಂದು ಹಗಲೂ ರಾತ್ರಿ ಕೂಗಿದ ಟಿವಿ, ಇನ್ನು ಸಾಕು ಎಂಬುದನ್ನು ಅದೇ ದನಿಯಲ್ಲಿ ಹೇಳಲಿಲ್ಲ. ಹೆದರಿಕೆ ಮನೆಯೊಳಗೇ ಉಳಿಯಿತು.

ಊಟಕ್ಕೆ ಮುಂಚೆ, ಶೌಚದ ನಂತರ ಕೈ ತೊಳೆಯಿರಿ, ತರಕಾರಿಗೆ ಬರಿಯ ನೀರು ಸಾಕು, ಹಾಲನ್ನು ಮಾತ್ರ ಪ್ಯಾಕೆಟ್ ತೊಳೆಯದೆ ಪಾತ್ರೆಗೆ ಸುರಿಯಿರಿ ಎಂದೆ. ಎದೆ ಹೊಡೆದುಕೊಂಡರೆ ಹೊಡೆದುಕೊಳ್ಳಲಿ, ಅದು ತಾನಾಗಿ ಇಳಿಯುವವರೆಗೆ ಸಿಂಕಿನ ಹತ್ತಿರ ಹೋಗಬಾರದು. "ಏನೂ ಆಗುವುದಿಲ್ಲ ತಾನೇ?" ಎಂದು ಅಮ್ಮ ಕೇಳಿದರೆ ಉತ್ತರಿಸಬೇಡ, ಪಕ್ಕದಲ್ಲಿ ನಿಂತಿರು ಎಂದು ಮಗಳಿಗೆ ಹೇಳಿದೆ. ಮನೋವೈದ್ಯರ ಬಳಿಗೂ ಕಳುಹಿಸಿದೆ.

ಎರಡು ತಿಂಗಳಾಯಿತು. ಈಗ ಕಾಫಿ ಏಳೂವರೆಗೆ. ಚಿಲ್ಲರೆ ಕಾಸನ್ನು ಇನ್ನೂ ತೊಳೆಯುತ್ತಿದ್ದಾರೆ.